ಬುದ್ಧಿ ಹೇಳುವವರಿಗೆ ಯಾವ ಕಟ್ಟಳೆ? - ಬಸವನಗುಡಿ ಕಡೆಯಿಂದ ಒಂದಿಷ್ಟು ಇತಿಹಾಸ

ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇವೆ. ಸೈಟಿನ ತಗಾದೆ ಬಂದರೆ ವಕೀಲರ ಹತ್ತಿರ. ಆದರೆ "ನಾನು ದಿನಾ ಹನ್ನೆರಡು ಗಂಟೆ ಮಾಡೋ ಈ ಕೆಲಸಕ್ಕೆ ಏನರ್ಥ?" ಅಂತ ಅನ್ನಿಸಿದರೆ? "ಅಮ್ಮನನ್ನ ಊರಲ್ಲಿ ಒಬ್ಬಳನ್ನೇ ಬಿಟ್ಟು ಅಮೆರಿಕಕ್ಕೆ ಹೋಗೋದು ಸರಿಯಾ?" ಅಂತ ರಾತ್ರಿ ನಿದ್ದೆ ಹಾರಿದರೆ? ಇದು ಕಾಯಿಲೆ ಅಲ್ಲ, ಮಾತ್ರೆ ಇಲ್ಲ. ಕೋರ್ಟಿನಲ್ಲಿ ಇದಕ್ಕೆ ಸೆಕ್ಷನ್ನೂ ಇಲ್ಲ. ಹಿಂದೆಲ್ಲ ಇಂಥ ಪ್ರಶ್ನೆ ಹೊತ್ತವರು ಮನೆಯ ಹಿರಿಯರ ಹತ್ತಿರ, ಮಠಕ್ಕೆ, ಇಲ್ಲವೇ ಜೋಯಿಸರ ಹತ್ತಿರ ಹೋಗುತ್ತಿದ್ದರು. ಈಗ ಇದಕ್ಕೂ ಒಂದು ವೃತ್ತಿ ಹುಟ್ಟಿಕೊಂಡಿದೆ. ಅದರ ಹೆಸರು ಫಿಲಾಸಫಿಕಲ್ ಕೌನ್ಸೆಲಿಂಗ್. ಕನ್ನಡದಲ್ಲಿ ತಾತ್ವಿಕ ಆಪ್ತಸಮಾಲೋಚನೆ ಅನ್ನಬಹುದೇನೋ. ಹೆಸರು ಸ್ವಲ್ಪ ಭಾರವಾಯ್ತು, ಇರಲಿ.

ಈ ವೃತ್ತಿಯವರು ಯಾರು, ಅವರಿಗೆ ಏನು ಅರ್ಹತೆ ಇರಬೇಕು, ಎಲ್ಲಿ ನಿಲ್ಲಿಸಬೇಕು, ತಪ್ಪು ಮಾಡಿದರೆ ಯಾರನ್ನು ಕೇಳಬೇಕು ಅನ್ನೋದು ಹೊರದೇಶಗಳಲ್ಲಿ ನಲವತ್ತು ವರ್ಷದಿಂದ ನಡೆಯುತ್ತಿರುವ ಜಗಳ. ಅದನ್ನು ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು, ಈ ಜಗಳದ ಒಳ್ಳೊಳ್ಳೆ ಉದಾಹರಣೆಗಳು ಇಲ್ಲೇ ನಮ್ಮ ಬುಲ್ ಟೆಂಪಲ್ ರೋಡಿನ ಆಸುಪಾಸಿನಲ್ಲೇ ಇವೆಯಲ್ಲ ಅಂತ. ನಾನು ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡು ಸಾಫ್ಟ್‌ವೇರು. ತತ್ತ್ವಶಾಸ್ತ್ರದ ಪಂಡಿತ ಅಲ್ಲ. ಆದರೂ ಗೊತ್ತಾದಷ್ಟನ್ನು ಇಲ್ಲಿ ಜೋಡಿಸಿಡುತ್ತೇನೆ.

*

ಮೊದಲು ಹೊರಗಿನ ಕಥೆ. 1981ರಲ್ಲಿ ಜರ್ಮನಿಯಲ್ಲಿ ಗೆರ್ಡ್ ಆಖೆನ್‌ಬಾಖ್ ಅನ್ನುವವರು ಕಲೋನ್ ಹತ್ತಿರದ ಒಂದು ಊರಲ್ಲಿ, ಡಾಕ್ಟರು ಕ್ಲಿನಿಕ್ ತೆರೆದ ಹಾಗೆ, ತತ್ತ್ವಶಾಸ್ತ್ರದ ಒಂದು ಕೊಠಡಿ ತೆರೆದರು. ಬಂದವರ ಜೊತೆ ಕೂತು ಅವರ ಬದುಕಿನ ಪ್ರಶ್ನೆಯನ್ನು ವಿಚಾರ ಮಾಡುವುದು, ಅಷ್ಟೇ. ಬಂದವರನ್ನು ರೋಗಿ ಅಂತ ಕರೆಯುವ ಹಾಗಿಲ್ಲ, ಚಿಕಿತ್ಸೆ ಅನ್ನುವ ಹಾಗೂ ಇಲ್ಲ. ಮರುವರ್ಷ, 1982ರಲ್ಲಿ, ಇದಕ್ಕೊಂದು ಸಂಘವೂ ಆಯಿತು. ಇದು ಅಮೆರಿಕಕ್ಕೆ ಹೋದಾಗ, ಅಲ್ಲಿನ ರೂಢಿಯಂತೆ, ಸರ್ಟಿಫಿಕೇಟು, ಕೋರ್ಸು, ನೀತಿಸಂಹಿತೆ ಎಲ್ಲ ಹಿಂದೆಯೇ ಬಂದವು. 1992ರಲ್ಲಿ ಎಲಿಯಟ್ ಕೋಹೆನ್ ಮತ್ತು ಗೆಳೆಯರು ಒಂದು ಸಂಘ ಕಟ್ಟಿದರು. 1994ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಆಯಿತು. 1999ರಲ್ಲಿ ಲೂ ಮ್ಯಾರಿನಾಫ್ ಬರೆದ ಒಂದು ಪುಸ್ತಕ ಚೆನ್ನಾಗಿ ಮಾರಾಟವಾಗಿ ಎಲ್ಲರ ಬಾಯಲ್ಲೂ ಈ ಮಾತು ಬಂತು. ಪುಸ್ತಕದ ಹೆಸರೇ ಪ್ಲೇಟೋ ಸಾಕು, ಪ್ರೋಜಾಕ್ ಬೇಡ ಅನ್ನುವ ಅರ್ಥದ್ದು. ಪ್ರೋಜಾಕ್ ಅಂದರೆ ಖಿನ್ನತೆಗೆ ಕೊಡುವ ಮಾತ್ರೆ.

ಈ ಹೆಸರಲ್ಲೇ ತಕರಾರೂ ಇತ್ತು. ಪ್ಲೇಟೋ ಸಾಕೋ ಮಾತ್ರೆ ಬೇಕೋ ಅಂತ ನಿರ್ಧರಿಸುವವರು ಯಾರು? ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರಿಗೆ ಕಾಂಟ್, ಹ್ಯೂಮ್ ಗೊತ್ತಿರುತ್ತಾರೆ. ಎದುರಿಗೆ ಕೂತವನು ಮೂರು ವಾರದಿಂದ ನಿದ್ದೆ ಮಾಡಿಲ್ಲ, ಜೀವ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾನೆ ಅನ್ನೋದು ಗೊತ್ತಾಗುತ್ತಾ? ಮ್ಯಾರಿನಾಫ್ ಪಾಠ ಮಾಡುತ್ತಿದ್ದ ನ್ಯೂಯಾರ್ಕಿನ ಸಿಟಿ ಕಾಲೇಜು 2000ದಲ್ಲಿ ಕ್ಯಾಂಪಸ್ಸಿನೊಳಗೆ ಅವರ ಸಮಾಲೋಚನೆಯನ್ನು ನಿಲ್ಲಿಸಿತು. ನಾಳೆ ಏನಾದರೂ ಅನಾಹುತ ಆದರೆ ಹೊಣೆ ಯಾರದು ಅನ್ನೋದು ಕಾಲೇಜಿನ ಹೆದರಿಕೆ. ಜನ ಕೂತು ವಿಚಾರ ಮಾತಾಡುವುದನ್ನು ತಡೆಯಲು ನೀವ್ಯಾರು ಅನ್ನೋದು ಅವರ ವಾದ. ವಿಷಯ ಕೋರ್ಟಿಗೂ ಹೋಯಿತು.

ನನ್ನ ಪ್ರಕಾರ ಇಬ್ಬರ ಮಾತಲ್ಲೂ ಸತ್ಯ ಇದೆ. ಅದಕ್ಕೇ ಈ ಪ್ರಶ್ನೆ ಕಷ್ಟದ್ದು.

*

ಈಗ ನಮ್ಮ ಕಡೆ ಬರೋಣ. ಚಾಮರಾಜಪೇಟೆ 1892ರ ಸುಮಾರಿಗೆ ಆದ ಬಡಾವಣೆ. ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಸಮಯದಲ್ಲಿ ಜನ ಪೇಟೆ ಬಿಟ್ಟು ಗಾಳಿ ಬೆಳಕು ಇರುವ ಕಡೆ ಬಂದು ಬೆಳೆದವು. ಈ ಬಡಾವಣೆಗಳಲ್ಲಿ ಮನೆ, ದೇವಸ್ಥಾನ, ಪಾರ್ಕಿನ ಜೊತೆಗೆ ಇನ್ನೊಂದು ವಿಶೇಷವೂ ಬೆಳೆಯಿತು. ಅದು ಸಂಜೆ ಹೊತ್ತು ಜನ ಕೂತು ದೊಡ್ಡ ವಿಷಯ ಮಾತಾಡುವ ಜಾಗಗಳು. 1904ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಮಕೃಷ್ಣ ಮಠ ಬುಲ್ ಟೆಂಪಲ್ ರಸ್ತೆಯಲ್ಲಿ ನೆಲೆಯಾಯಿತು. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿದೆ, ಅದೇ ರಸ್ತೆಯಲ್ಲಿ ಸಂಸ್ಕೃತ ಕಾಲೇಜೂ ಇದೆ. 1945 ಅಂತೂ ಬಸವನಗುಡಿ ಮಟ್ಟಿಗೆ ದೊಡ್ಡ ವರ್ಷ. ಬಿ. ಪಿ. ವಾಡಿಯಾ ದಂಪತಿಗಳು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸ್ಥಾಪಿಸಿದ್ದು ಅದೇ ವರ್ಷ, ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದೂ ಅದೇ ವರ್ಷ.

ಡಿವಿಜಿ ಬಗ್ಗೆ ಇಲ್ಲಿ ಹೊಸದಾಗಿ ಪರಿಚಯ ಬೇಕಾಗಿಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು, ಪತ್ರಕರ್ತರು, 1943ರಲ್ಲಿ ಮಂಕುತಿಮ್ಮನ ಕಗ್ಗ ಕೊಟ್ಟವರು. 945 ಪದ್ಯಗಳ ಆ ಪುಸ್ತಕ ಇವತ್ತಿಗೂ ಮದುವೆಯಲ್ಲಿ ಉಡುಗೊರೆ, ಆಸ್ಪತ್ರೆಯಲ್ಲಿ ಮಲಗಿದವರ ತಲೆದಿಂಬಿನ ಪಕ್ಕ, ವಾಟ್ಸ್ಯಾಪಿನ ಬೆಳಗಿನ ಮೆಸೇಜು. ನಮ್ಮ ಜನಕ್ಕೆ ಬೇಜಾರಾದಾಗ ಕೈಗೆ ಸಿಗುವ ತತ್ತ್ವಶಾಸ್ತ್ರ ಅಂದರೆ ಅದೇ. ಗೋಖಲೆ ಸಂಸ್ಥೆಯಲ್ಲಿ ಅವರು ಆಸಕ್ತರ ಮುಂದೆ ಭಗವದ್ಗೀತೆ ಕುರಿತು ಮಾಡುತ್ತಾ ಬಂದ ಉಪನ್ಯಾಸಗಳೇ ಮುಂದೆ ಜೀವನಧರ್ಮಯೋಗ ಅನ್ನುವ ಪುಸ್ತಕವಾಗಿ, 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರನ್ನೇ ನೋಡಿ. ಮೋಕ್ಷಯೋಗ ಅಲ್ಲ, ಜೀವನಧರ್ಮಯೋಗ. ಸಂಸಾರ, ಕಚೇರಿ, ಊರಿನ ಕೆಲಸ ಇವುಗಳ ನಡುವೆ ಸಿಕ್ಕಿಕೊಂಡವನಿಗೆ ಗೀತೆಯಿಂದ ಏನು ಸಿಗುತ್ತೆ ಅನ್ನೋದು ಅದರ ಕಾಳಜಿ. ಆಖೆನ್‌ಬಾಖ್ ಕೊಠಡಿ ತೆರೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ಎನ್. ಆರ್. ಕಾಲೊನಿಯಲ್ಲಿ ತತ್ತ್ವಶಾಸ್ತ್ರ ಬದುಕಿನ ಕೆಲಸಕ್ಕೆ ಬಂದು ಕೂತಿತ್ತು ಅಂದರೆ ಉತ್ಪ್ರೇಕ್ಷೆ ಆಗಲಾರದು.

ಈಗ ಅಮೆರಿಕದ ಸಂಘದವರ ಅಳತೆಗೋಲು ಹಿಡಿದು ಡಿವಿಜಿಯವರನ್ನು ನೋಡಿದರೆ ತಮಾಷೆ ಆಗುತ್ತೆ. ತತ್ತ್ವಶಾಸ್ತ್ರದಲ್ಲಿ ಉನ್ನತ ಪದವಿ? ಇಲ್ಲ. ಅವರು ಮೆಟ್ರಿಕ್ಯುಲೇಷನ್ನೇ ಪಾಸಾಗಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಾಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಲೈಸೆನ್ಸ್ ಕಡ್ಡಾಯ ಅಂತ ಆಗಿದ್ದರೆ ಡಿವಿಜಿ ಮೊದಲ ಸುತ್ತಿನಲ್ಲೇ ಔಟ್ :-)

ಹಾಗಂತ ಅಲ್ಲಿ ಕಟ್ಟಳೆಯೇ ಇರಲಿಲ್ಲ ಅಂತ ಅಲ್ಲ. ಬರೆದಿಡದ ಕಟ್ಟಳೆಗಳು ಇದ್ದವು. ಒಂದು, ನಡೆಯುತ್ತಿದ್ದದ್ದು ಸಭೆಯಲ್ಲಿ. ಹತ್ತು ಜನ ಕೇಳುವ ಕಡೆ ಹೇಳಿದ್ದನ್ನು ಹತ್ತು ಜನ ಪ್ರಶ್ನೆ ಮಾಡಬಹುದು. ಎರಡು, ದುಡ್ಡು. ಅವರು ಅದನ್ನು ಜೀವನೋಪಾಯ ಮಾಡಿಕೊಂಡಿರಲಿಲ್ಲ. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನ ಮಾಡಿ ಕೊಟ್ಟ ನಿಧಿಯನ್ನೂ ಪೂರ್ತಿ ಗೋಖಲೆ ಸಂಸ್ಥೆಗೇ ಕೊಟ್ಟುಬಿಟ್ಟರು. ಮೂರು, ಕಗ್ಗದಲ್ಲಿ ಮಾತಾಡುವವನ ಹೆಸರು. ಆತ ಜಗದ್ಗುರುವಲ್ಲ, ಮಂಕುತಿಮ್ಮ. ಹೇಳುವವನು ತನ್ನನ್ನೇ ಮಂಕು ಅಂತ ಕರೆದುಕೊಂಡರೆ ಕೇಳುವವನು ಕಾಲಿಗೆ ಬೀಳುವ ಪ್ರಮೇಯ ಇಲ್ಲ, ತಲೆ ಓಡಿಸಬೇಕಾಗುತ್ತೆ. ಸಣ್ಣ ವಯಸ್ಸಿಗೇ ಹೆಂಡತಿಯನ್ನು ಕಳೆದುಕೊಂಡು ಮತ್ತೆ ಮದುವೆಯಾಗದೆ ಮಕ್ಕಳನ್ನು ಬೆಳೆಸಿದವರು ಅವರು. ದುಃಖದ ಬಗ್ಗೆ ಮಾತಾಡುವ ಅಧಿಕಾರ ಅವರಿಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ.

*

ಅಧಿಕಾರ ಅಂದೆನಲ್ಲ, ಈ ಪದವನ್ನೇ ಸ್ವಲ್ಪ ಬಿಡಿಸಿ ನೋಡೋಣ. ವೇದಾಂತದ ಗ್ರಂಥಗಳು ಶುರುವಾಗುವಾಗ ಅನುಬಂಧ ಚತುಷ್ಟಯ ಅಂತ ನಾಲ್ಕು ವಿಷಯ ಹೇಳುವ ಪದ್ಧತಿ ಇದೆ. ಹದಿನೈದನೇ ಶತಮಾನದ ಸದಾನಂದರ ವೇದಾಂತಸಾರದಲ್ಲಿ ಇದು ಅಚ್ಚುಕಟ್ಟಾಗಿ ಸಿಗುತ್ತದೆ. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಇದು ಯಾರಿಗೆ, ಯಾವುದರ ಬಗ್ಗೆ, ಪುಸ್ತಕಕ್ಕೂ ವಿಷಯಕ್ಕೂ ಏನು ನಂಟು, ಕೊನೆಗೆ ಏನು ಸಿಗುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಪ್ರಾಜೆಕ್ಟಿನ ಸ್ಕೋಪ್ ಡಾಕ್ಯುಮೆಂಟು! ಇದು ಯಾರಿಗೆ ಅಲ್ಲ, ಏನನ್ನು ಕೊಡಲ್ಲ ಅನ್ನೋದೂ ಅದರೊಳಗೇ ಬಂತು. ಎಲ್ಲರ ಎಲ್ಲ ಕಷ್ಟಕ್ಕೂ ಇದೊಂದೇ ಪರಿಹಾರ ಅಂತ ಯಾವ ಗಂಭೀರ ವೇದಾಂತಿಯೂ ಹೇಳಲಿಲ್ಲ.

ಗೀತೆಯಲ್ಲೂ ನೋಡಿ. ಮೊದಲ ಅಧ್ಯಾಯದಲ್ಲಿ ಅರ್ಜುನ ಗೋಳಾಡುತ್ತಾನೆ. ಕೃಷ್ಣನ ಉಪದೇಶ ನಿಜವಾಗಿ ಶುರುವಾಗೋದು ಎರಡನೇ ಅಧ್ಯಾಯದಲ್ಲಿ ಅರ್ಜುನ ತಾನಾಗಿಯೇ ದಾರಿ ತೋರಿಸು ಅಂತ ಕೇಳಿಕೊಂಡ ಮೇಲೆ. ಹದಿನೆಂಟನೇ ಅಧ್ಯಾಯದ ಕೊನೆಗೆ, ಇಷ್ಟೆಲ್ಲ ಹೇಳಿದ ಮೇಲೆ, ಇದನ್ನೆಲ್ಲ ನೀನೇ ವಿಮರ್ಶೆ ಮಾಡಿ ನಿನ್ನ ಇಷ್ಟದಂತೆ ಮಾಡು ಅನ್ನುವ ಅರ್ಥದ ಮಾತು ಬರುತ್ತದೆ. ಕೇಳಲು ಇಷ್ಟವಿಲ್ಲದವನಿಗೆ ಇದನ್ನು ಹೇಳಬೇಡ ಅನ್ನೋ ಎಚ್ಚರಿಕೆಯೂ ಅಲ್ಲೇ ಇದೆ. ಈಗಿನ ನೀತಿಸಂಹಿತೆಗಳಲ್ಲಿ ಬರುವ ಒಪ್ಪಿಗೆ, ಸ್ವಾಯತ್ತತೆ ಅನ್ನೋ ಮಾತುಗಳಿಗೂ ಇದಕ್ಕೂ ಬಹಳ ದೂರ ಇಲ್ಲ.

ವೈದ್ಯರಿಗೆ ಚರಕಸಂಹಿತೆ ಇನ್ನೂ ಖಡಕ್ಕಾಗಿ ಹೇಳುತ್ತೆ. ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಹಾಕುವ ಕಟ್ಟುಪಾಡುಗಳಿವೆ. ರೋಗಿಯ ಮನೆಯ ಸಂಗತಿ ಹೊರಗೆ ಹೇಳಬಾರದು, ರೋಗಿಯ ಆಸ್ತಿಗೆ ಆಸೆಪಡಬಾರದು, ಎಷ್ಟೇ ಗೊತ್ತಿದ್ದರೂ ತನ್ನ ವಿದ್ಯೆಯನ್ನು ಕೊಚ್ಚಿಕೊಳ್ಳಬಾರದು. ಚಿಕಿತ್ಸೆಯಲ್ಲಿ ಮೂರು ಬಗೆ ಅಂತ ಹೇಳುವ ಕಡೆ ಸತ್ತ್ವಾವಜಯ ಅಂತ ಒಂದಿದೆ. ಅಂದರೆ ಮನಸ್ಸನ್ನು ಅಹಿತವಾದ ಕಡೆಯಿಂದ ಹಿಡಿದು ನಿಲ್ಲಿಸುವುದು. ಆದರೆ ಅದು ಔಷಧ, ಆಹಾರಗಳ ಪಕ್ಕದಲ್ಲಿ ಕೂತಿದೆಯೇ ಹೊರತು ಅವುಗಳನ್ನು ಎಬ್ಬಿಸಿ ಆ ಜಾಗದಲ್ಲಿ ಕೂತಿಲ್ಲ. ಇದು ಮುಖ್ಯ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯ. ಅಧಿಕಾರಿ ಅನ್ನುವ ಇದೇ ಪದವನ್ನು ಹುಟ್ಟಿನ ಮೇಲೆ ಜನರನ್ನು ಬಾಗಿಲಾಚೆ ನಿಲ್ಲಿಸಲೂ ಬಳಸಿದರು. ಬ್ರಹ್ಮಸೂತ್ರ ಭಾಷ್ಯದ ಅಪಶೂದ್ರಾಧಿಕರಣ ಓದಿದರೆ ಇವತ್ತು ಮನಸ್ಸಿಗೆ ಹಿಂಸೆಯಾಗುತ್ತೆ. ಹನ್ನೆರಡನೇ ಶತಮಾನದ ಶರಣರು ಕನ್ನಡದಲ್ಲೇ, ಎಲ್ಲ ಕಸುಬಿನವರ ಬಾಯಲ್ಲೂ ಅನುಭಾವದ ಮಾತು ಆಡಿಸಿದ್ದು ಈ ಬೇಲಿಯನ್ನು ಮುರಿಯೋದಕ್ಕೇ. ಬಸವನಗುಡಿಯ ಗೋಷ್ಠಿಗಳಿಗೆ ಬರುತ್ತಿದ್ದವರೂ ಹೆಚ್ಚಾಗಿ ಓದು ಬಲ್ಲ ಒಂದೇ ವರ್ಗದವರು ಅನ್ನೋದನ್ನು ಮರೆಯುವ ಹಾಗಿಲ್ಲ. ಹಾಗಾಗಿ ಅರ್ಹತೆ ಅಂದಾಗ ಎರಡು ಪ್ರಶ್ನೆ ಬೇರೆಬೇರೆ ಇಟ್ಟುಕೊಳ್ಳಬೇಕು. ಇವನಿಗೆ ಈ ಕೆಲಸ ಬರುತ್ತಾ ಅನ್ನೋದು ಒಂದು. ಇವನು ನಮ್ಮವನಾ ಅನ್ನೋದು ಇನ್ನೊಂದು. ಮೊದಲನೆಯದು ಕಟ್ಟಳೆ, ಎರಡನೆಯದು ಬೇಲಿ. ಗಂಟೆಗೆ ಇಷ್ಟು ಸಾವಿರ ಫೀಸು, ಇಂಥ ಫಾರಿನ್ ಸರ್ಟಿಫಿಕೇಟು ಅನ್ನೋ ಹೊಸ ವೃತ್ತಿಯೂ ಗೊತ್ತಿಲ್ಲದ ಹಾಗೆ ಹೊಸ ಬೇಲಿ ಹಾಕಬಹುದು.

*

ಲಾಲ್‌ಬಾಗಿನ ಈ ಕಡೆ ಇದೆಲ್ಲ ನಡೆಯುತ್ತಿದ್ದಾಗ, ಆ ಕಡೆ ಇನ್ನೊಂದು ಕಥೆ ನಡೆಯುತ್ತಿತ್ತು. ಬೆಂಗಳೂರಿನಲ್ಲಿ 1847ರಲ್ಲೇ ಹುಚ್ಚಾಸ್ಪತ್ರೆ ಆಗಿತ್ತು (ಆಗಿನ ಮಾತು ಅದು, ಈಗ ಹಾಗೆ ಕರೆಯೋದು ತಪ್ಪು). 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಅನ್ನೋ ಹೆಸರು ಪಡೆಯಿತು, 1937ರಲ್ಲಿ ಈಗಿನ ಹೊಸೂರು ರಸ್ತೆಯ ಜಾಗಕ್ಕೆ ಹೋಯಿತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಂದರೆ ಒಂದೇ ಊರಿನ ಅಕ್ಕಪಕ್ಕದ ಎರಡು ಬಡಾವಣೆಗಳಲ್ಲಿ, ಒಂದು ಕಡೆ ಮನಸ್ಸಿನ ಪ್ರಶ್ನೆ, ಇನ್ನೊಂದು ಕಡೆ ಮನಸ್ಸಿನ ರೋಗ.

ಇವೆರಡೂ ಒಂದಕ್ಕೊಂದು ಬೆನ್ನು ಹಾಕಿ ಕೂತಿದ್ದವು ಅಂತ ಅಂದುಕೊಂಡರೆ ತಪ್ಪು. ಆ ಸಂಸ್ಥೆಯಲ್ಲಿದ್ದ ಡಾ. ಎನ್. ಸಿ. ಸೂರ್ಯ ಮತ್ತು ಜಯರಾಂ 1964ರಷ್ಟು ಹಿಂದೆಯೇ, ಪಶ್ಚಿಮದ ಮಾನಸಿಕ ಚಿಕಿತ್ಸೆಯನ್ನು ಹಾಗೇ ತಂದು ಇಲ್ಲಿ ಹಚ್ಚಿದರೆ ಆಗಲ್ಲ ಅಂತ ಬರೆದರು. ಚಂಡೀಗಢದ ಡಾ. ಜೆ. ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಬಳಸಬಹುದಾ ಅಂತ ಕೇಳಿದರು. ಡಾ. ಆರ್. ಎಲ್. ಕಪೂರ್ ಮತ್ತು ಕಾರ್‌ಸ್ಟೇರ್ಸ್ ನಮ್ಮ ಕೋಟದಲ್ಲಿ (ಹೌದು, ಕಾರಂತರ ಕೋಟವೇ) ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಅಲ್ಲಿನ ಜನ ಮನಸ್ಸಿನ ತೊಂದರೆಗೆ ವೈದ್ಯರು, ಮಂತ್ರವಾದಿಗಳು, ದರ್ಶನದ ಪಾತ್ರಿಗಳು, ಇಂಗ್ಲಿಷ್ ಡಾಕ್ಟರು ಎಲ್ಲರ ಹತ್ತಿರವೂ ಹೋಗುತ್ತಿದ್ದರು. ಒಂದಕ್ಕೊಂದು ವಿರೋಧ ಅಂತ ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ಕಪೂರ್ ಮುಂದೆ ತಾವೇ ಯೋಗಾಭ್ಯಾಸಕ್ಕೆ ಕೂತರು, ಸಾಧುಸಂತರ ನಡುವೆ ಓಡಾಡಿ ಬರೆದರು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1967ರಲ್ಲಿ ಜೀವನಧರ್ಮಯೋಗಕ್ಕೆ ಅಕಾಡೆಮಿ ಪ್ರಶಸ್ತಿ ಬಂತು ಅಂದೆನಲ್ಲ, ಒಂಬತ್ತು ವರ್ಷದ ಮೇಲೆ, 1976ರಲ್ಲಿ, ಅದೇ ಪ್ರಶಸ್ತಿ ಬಂದದ್ದು ಮನಮಂಥನ ಅನ್ನುವ ಮನೋರೋಗಗಳ ಕುರಿತ ಪುಸ್ತಕಕ್ಕೆ. ಬರೆದವರು ಡಾ. ಎಂ. ಶಿವರಾಂ. ಅಂದರೆ ನಮ್ಮ ಕೊರವಂಜಿಯ ರಾಶಿ! ಊರನ್ನೆಲ್ಲ ನಗಿಸಿದ ಡಾಕ್ಟರು, ಮನಸ್ಸಿಗೂ ಕಾಯಿಲೆ ಬರುತ್ತೆ, ಅದಕ್ಕೂ ಮದ್ದಿದೆ ಅಂತ ಕನ್ನಡದಲ್ಲಿ ಕೂತು ಬರೆದರು. ಬೆಂಗಳೂರಿನ ಒಬ್ಬರು ಬಾಳಿನ ಪ್ರಶ್ನೆಗೆ ಗೀತೆ ತಂದುಕೊಟ್ಟರು, ಇನ್ನೊಬ್ಬರು ಮನಸ್ಸಿನ ರೋಗಕ್ಕೆ ವೈದ್ಯಕೀಯ ತಂದುಕೊಟ್ಟರು. ಕನ್ನಡ ಓದುಗರಿಗೆ ಎರಡೂ ಬೇಕಾಗಿತ್ತು. ಕಪಾಟಿನಲ್ಲಿ ಎರಡೂ ಪಕ್ಕಪಕ್ಕ ಇರಬೇಕಾದ ಪುಸ್ತಕಗಳು.

*

ಇದೆಲ್ಲ ಹಳೇ ಕಥೆ, ಈಗ ಯಾಕೆ ಅಂತೀರಾ? ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದ್ದ. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಅವನಿಗೆ ಖಿನ್ನತೆ ಇತ್ತು, ಮನೋವೈದ್ಯರು ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಕೆಲಸಕ್ಕೂ ಸರಿಯಾಗಿ ಬರುತ್ತಿದ್ದ. ಯಾರೋ ಹೇಳಿದರು ಅಂತ ಒಂದು ವಾರಾಂತ್ಯದ ಶಿಬಿರಕ್ಕೆ ಹೋದ. ಜೀವನದ ಅರ್ಥ, ಭಯದಿಂದ ಬಿಡುಗಡೆ ಅಂತೆಲ್ಲ ಅಲ್ಲಿನ ವಿಷಯ. ಫೀಸು ಚೆನ್ನಾಗೇ ಇತ್ತು. ಎರಡನೇ ದಿನ ಐವತ್ತು ಅರವತ್ತು ಜನರ ಎದುರು ಎದ್ದು ನಿಂತು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಬೇಕು. ಇವನು ಮಾತ್ರೆಯ ವಿಷಯವನ್ನೂ ಹೇಳಿದ. ನಡೆಸುತ್ತಿದ್ದವರು, ನೀನು ಮಾತ್ರೆಯ ಹಿಂದೆ ಬಚ್ಚಿಟ್ಟುಕೊಂಡಿದ್ದೀಯ, ಆತ್ಮಕ್ಕೆ ರೋಗ ಇಲ್ಲ ಅಂದರಂತೆ. ಎಲ್ಲರೂ ಚಪ್ಪಾಳೆ ಹೊಡೆದರಂತೆ. ಅವತ್ತೇ ಮಾತ್ರೆ ನಿಲ್ಲಿಸಿಬಿಟ್ಟ.

ಮುಂದಿನ ಐದಾರು ವಾರ ಹೇಗಿತ್ತು ಅಂತ ವಿವರವಾಗಿ ಬರೆಯಲ್ಲ. ಊರಿಂದ ಅವರ ತಂದೆ ಬಂದು ಆಸ್ಪತ್ರೆಗೆ ಸೇರಿಸಿದರು. ಸಮಯಕ್ಕೆ ಸರಿಯಾಗಿ ಬಂದರು, ಅಷ್ಟು ಸಾಕು. ಈಗ ಚೆನ್ನಾಗಿದ್ದಾನೆ. ಆಮೇಲೆ ಶಿಬಿರದವರಿಗೆ ಫೋನ್ ಮಾಡಿದರೆ, ನಾವು ವೈದ್ಯಕೀಯ ಸಲಹೆ ಕೊಡಲ್ಲ ಅಂತ ಫಾರಂನಲ್ಲೇ ಬರೆದಿದೆಯಲ್ಲ ಅಂದರಂತೆ.

ಅವನು ನನಗೆ ಹೇಳಿದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. "ಅವರು ಹೇಳಿದ ಫಿಲಾಸಫಿ ತಪ್ಪು ಅಂತಲ್ಲ ಕಣೋ. ಆತ್ಮಕ್ಕೆ ರೋಗ ಇಲ್ಲದೇ ಇರಬಹುದು. ಆದರೆ ಅದನ್ನ ಹೇಳೋ ಮುಂಚೆ, ನಿದ್ದೆ ಬರ್ತಿದೆಯೇನಪ್ಪಾ ಅಂತ ಒಂದು ಮಾತು ಕೇಳಲಿಲ್ಲ."

ಇಡೀ ವಿಷಯ ಇಷ್ಟೇ ಅಂತ ನನಗನ್ನಿಸುತ್ತೆ. ಯುದ್ಧಭೂಮಿಯಲ್ಲಿ ಅರ್ಜುನನಿಗೂ ಬಾಯಿ ಒಣಗಿತ್ತು, ಮೈ ನಡುಗಿತ್ತು. ಆದರೆ ಅವನು ತನ್ನ ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟು ವಾದ ಮಾಡಬಲ್ಲವನಾಗಿದ್ದ, ಎದುರಿನ ವಾದ ಕೇಳಬಲ್ಲವನಾಗಿದ್ದ. ಆ ಶಕ್ತಿಯೇ ಕುಸಿದಿರುವವನಿಗೆ ಹದಿನೆಂಟು ಅಧ್ಯಾಯ ಹೇಳಿದರೂ ಕಿವಿಗೆ ಬೀಳೋದು "ನಿನ್ನದೇ ತಪ್ಪು" ಅನ್ನೋದೊಂದೇ.

*

ಕಾನೂನು ಏನು ಹೇಳುತ್ತೆ ಅಂತ ನೋಡಿದೆ. 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿ ಬರುತ್ತೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮಾನಸಿಕ ಆರೋಗ್ಯ ವೃತ್ತಿಪರರು ಯಾರು ಅಂತ ಹೇಳುತ್ತೆ, ರೋಗಿಯ ವಿಷಯ ಗೋಪ್ಯವಾಗಿರೋದು ಅವನ ಹಕ್ಕು ಅನ್ನುತ್ತೆ. 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಕೆಲವು ಬಗೆಯ ಕೌನ್ಸೆಲರುಗಳೂ ಇದ್ದಾರೆ. ತತ್ತ್ವಶಾಸ್ತ್ರ ಇಟ್ಟುಕೊಂಡು ಸಲಹೆ ಕೊಡುವವರು ಇವು ಯಾವುದರಲ್ಲೂ ಇಲ್ಲ. ಇನ್ನು ಗ್ರಾಹಕರ ಕಾಯ್ದೆ. ಅದರಲ್ಲಿ ಉಚಿತವಾಗಿ ಕೊಡುವ ಸೇವೆ ಸೇವೆಯ ವ್ಯಾಖ್ಯೆಯೊಳಗೇ ಬರಲ್ಲ. ದುಡ್ಡು ತೆಗೆದುಕೊಳ್ಳದೆ ಹೇಳುವುದು ನಮ್ಮಲ್ಲಿ ದೊಡ್ಡ ಗುಣ ಅನ್ನೋದು ಸರಿ, ಆದರೆ ಕಾನೂನಿನ ಕಣ್ಣಿಗೆ ಉಚಿತ ಅಂದರೆ ಹೊಣೆಯೂ ಕಡಿಮೆ. ವಿಚಿತ್ರ ಅಲ್ಲವಾ?

ಹಾಗಾದರೆ ಎಲ್ಲರಿಗೂ ಲೈಸೆನ್ಸ್ ಮಾಡಿಬಿಡೋಣವಾ? ನನಗೆ ಹಾಗನ್ನಿಸಲ್ಲ. ಮಾತಿಗೇ ಲೈಸೆನ್ಸ್ ಅಂದರೆ ಡಿವಿಜಿಯಂಥವರೂ ಹೊರಗೆ, ಹರಿಕಥೆ ದಾಸರೂ ಹೊರಗೆ, ಜಗಲಿಯಲ್ಲಿ ಕೂತು ಸಮಾಧಾನ ಹೇಳುವ ಅಜ್ಜಿಯೂ ಹೊರಗೆ. ಗೆರೆ ಎಳೆಯಬೇಕಾದ್ದು ಬೇರೆ ಕಡೆ. ಸಭೆಯಲ್ಲಿ ಆಡುವ ಮಾತು ಒಂದು, ಒಬ್ಬ ನೊಂದ ಮನುಷ್ಯನಿಗೆ ಎದುರಿಗೆ ಕೂರಿಸಿಕೊಂಡು ನೀನು ಹೀಗೆ ಮಾಡು ಅನ್ನುವ ಮಾತು ಇನ್ನೊಂದು. ಮೊದಲನೆಯದು ವಿಚಾರ ಸ್ವಾತಂತ್ರ್ಯ. ಎರಡನೆಯದು ಶುರುವಾದ ಕ್ಷಣದಿಂದ ಹೊಣೆಯೂ ಶುರು, ಫೀಸು ಇರಲಿ ಬಿಡಲಿ. ನಮ್ಮ ಹುಡುಗನ ವಿಷಯದಲ್ಲಿ ಆದದ್ದೂ ಇದೇ. ಉಪನ್ಯಾಸದ ಸಭೆಯಲ್ಲಿ ಕೂತೇ ಅವರು ಒಬ್ಬನ ಮಾತ್ರೆಯ ಮೇಲೆ ತೀರ್ಪು ಕೊಟ್ಟರು.

ಆ ಎರಡನೇ ಕೆಲಸಕ್ಕೆ ಕಟ್ಟಳೆ ಏನಿರಬೇಕು ಅಂದರೆ, ಅದೇ ಹಳೇ ನಾಲ್ಕನ್ನು ಸ್ವಲ್ಪ ತಿರುಗಿಸಿ ಹಿಡಿದರೂ ಸಾಕು ಅಂತ ನನ್ನ ಅನಿಸಿಕೆ.

ಅಧಿಕಾರಿ: ಎದುರಿಗಿರುವವನು ಈಗ ವಿಚಾರ ಮಾಡುವ ಸ್ಥಿತಿಯಲ್ಲಿದ್ದಾನಾ? ನಿದ್ದೆ, ಊಟ, ಸಾಯುವ ಯೋಚನೆ, ತೆಗೆದುಕೊಳ್ಳುತ್ತಿರುವ ಔಷಧ, ಇಷ್ಟನ್ನು ಮೊದಲು ಕೇಳಬೇಕು. ಹೇಳುವವನಿಗೂ ಈ ಪ್ರಶ್ನೆ ಕೇಳುವಷ್ಟು ತರಬೇತಿ ಇರಬೇಕು. ಪದವಿ ಯಾವುದೇ ಇರಲಿ, ಇದು ಬೇಕೇ ಬೇಕು.

ವಿಷಯ: ನಾನು ಯಾವುದರ ಬಗ್ಗೆ ಮಾತಾಡಬಲ್ಲೆ, ಯಾವುದರ ಬಗ್ಗೆ ಅಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು. ಔಷಧ ನಿಲ್ಲಿಸು ಅನ್ನೋದು ಎಂದೂ ಇವರ ವಿಷಯ ಅಲ್ಲ. ಫಾರಂನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದು ವೇದಿಕೆ ಮೇಲೆ ಉಲ್ಟಾ ಹೇಳಿದರೆ ಅದು ಲೆಕ್ಕಕ್ಕಿಲ್ಲ.

ಸಂಬಂಧ: ಇಬ್ಬರ ನಡುವಿನ ನಂಟು ಏನು? ಕೇಳಿದ್ದು ಹೊರಗೆ ಹೋಗಬಾರದು. ನಂಬಿ ಬಂದವರ ಮನೆ, ಮೈ, ಆಸ್ತಿ, ಮತ ಯಾವುದರ ಮೇಲೂ ಕಣ್ಣಿರಬಾರದು. ಗುರುವಿನ ಪಾದಪೂಜೆ ಬೇರೆ, ಸಮಾಲೋಚಕನ ಕುರ್ಚಿ ಬೇರೆ. ಎರಡರಲ್ಲೂ ಒಬ್ಬನೇ ಕೂರಬಾರದು.

ಪ್ರಯೋಜನ: ಯಾವಾಗ ಮುಗಿಯುತ್ತೆ? ಬಂದವನು ತನ್ನ ನಿರ್ಧಾರ ತಾನೇ ಮಾಡುವಂತಾದರೆ ಕೆಲಸ ಮುಗಿಯಿತು. ಜನ್ಮವಿಡೀ ಲೆವೆಲ್ ಒಂದು, ಲೆವೆಲ್ ಎರಡು ಅಂತ ಮುಂದಿನ ಶಿಬಿರಕ್ಕೆ ದುಡ್ಡು ಕಟ್ಟುತ್ತಲೇ ಇರುವಂತಾದರೆ ಅದು ಸಮಾಲೋಚನೆ ಅಲ್ಲ, ಸಬ್‌ಸ್ಕ್ರಿಪ್ಷನ್ನು.

ನಮ್ಮ ಐಟಿ ಜನಕ್ಕೆ ಇದು ಅರ್ಥವಾಗದ್ದೇನಲ್ಲ. ಸಪೋರ್ಟ್ ಟೀಮಿನಲ್ಲಿ ಮೊದಲ ಹಂತದವನಿಗೆ ಎಲ್ಲ ಗೊತ್ತಿರಬೇಕು ಅಂತ ಯಾರೂ ಕೇಳಲ್ಲ. ತನ್ನ ಕೈಲಾಗದ್ದನ್ನು ಗುರುತಿಸಿ, ಎರಡನೇ ಹಂತಕ್ಕೆ ತಡಮಾಡದೆ ಕಳಿಸಬೇಕು ಅಂತ ಮಾತ್ರ ಕೇಳುತ್ತೇವೆ. ಎಸ್ಕಲೇಟ್ ಮಾಡದೆ ಟಿಕೆಟ್ ಮುಚ್ಚಿದವನಿಗೆ ಏನಾಗುತ್ತೆ ಅಂತ ನಿಮಗೂ ಗೊತ್ತು :-)

ಇದು ಆಗದ ಮಾತೂ ಅಲ್ಲ. ನಿಮ್ಹಾನ್ಸಿನಲ್ಲಿ ದೀರ್ಘಕಾಲ ಇದ್ದ ಡಾ. ಸಿ. ಆರ್. ಚಂದ್ರಶೇಖರ್ ನೂರಾರು ಕನ್ನಡ ಪುಸ್ತಕ ಬರೆದಿದ್ದು ನಿಮಗೆ ಗೊತ್ತಿರುತ್ತೆ. ನಿವೃತ್ತಿಯ ಮೇಲೆ ಅವರು ಬೆಂಗಳೂರಿನಲ್ಲಿ ಸಮಾಧಾನ ಅನ್ನುವ ಉಚಿತ ಸಲಹಾ ಕೇಂದ್ರ ನಡೆಸಿದರು, ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಆಪ್ತಸಮಾಲೋಚಕರನ್ನಾಗಿ ಮಾಡಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಲ್ಲಿ ಕೂತು ಕೇಳಿಸಿಕೊಳ್ಳುವವರು ಮನೋವೈದ್ಯರಲ್ಲ. ಆದರೆ ಹಿಂದೆ ಮನೋವೈದ್ಯರಿದ್ದಾರೆ, ಯಾವಾಗ ಅವರಲ್ಲಿಗೆ ಕಳಿಸಬೇಕು ಅಂತ ಹೇಳಿಕೊಟ್ಟಿದ್ದಾರೆ. ಪದವಿಯ ಬೇಲಿ ಇಲ್ಲ, ಕಟ್ಟಳೆ ಇದೆ. ತತ್ತ್ವಶಾಸ್ತ್ರ ಹೇಳುವವರೂ ಇಷ್ಟೇ ಮಾಡಿದರೆ ಸಾಕಲ್ಲ?

ಅಂದ ಹಾಗೆ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಗೀತೆಯ ಕ್ಲಾಸ್ ನಡೆಸುವವರು, ಕಗ್ಗ ವಾಚನ ಮಾಡುವವರು, ಶಿಬಿರದವರು ತಮ್ಮ ಕರಪತ್ರದ ಮೂಲೆಯಲ್ಲಿ 14416 ಅಂತ ಐದು ಅಂಕಿ ಅಚ್ಚುಹಾಕಿಸಿದರೆ ತತ್ತ್ವಶಾಸ್ತ್ರದ ಮರ್ಯಾದೆಗೇನೂ ಕುಂದಿಲ್ಲ.

ನಮ್ಮ ಹುಡುಗ ಈಗಲೂ ಕಗ್ಗ ಓದುತ್ತಾನೆ, ದಿನಕ್ಕೊಂದು ಪದ್ಯ. ರಾತ್ರಿ ಮಾತ್ರೆಯನ್ನೂ ತಪ್ಪದೆ ತಗೋತಾನೆ. ಎರಡಕ್ಕೂ ಜಗಳ ಏನಿಲ್ಲವಂತೆ.

ನಿಮ್ಮ ಕಡೆ ಇಂಥ ಗೋಷ್ಠಿಗಳು, ಪಾಠಗಳು ಹೇಗೆ ನಡೆಯುತ್ತವೆ? ನೊಂದವರು ಬಂದರೆ ಅಲ್ಲಿನ ಹಿರಿಯರು ಏನು ಮಾಡುತ್ತಾರೆ? ಗೊತ್ತಿದ್ದವರು ಬರೆಯಿರಿ. ಯಾರ ಹೆಸರೂ ಬೇಡ, ಕಟ್ಟಳೆ ಏನಿತ್ತು ಅನ್ನೋದಷ್ಟೇ ಸಾಕು.